ಕಣ್ಣು ಕಾಣದ ಕಾಡಿಗೆ

ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥವೆಂಬ ಗೌರವಕ್ಕೆ ಪಾತ್ರವಾದ ‘ಕವಿರಾಜಮಾರ್ಗ’ದಲ್ಲಿ ಸೊಗಸಾದ ಉಪಮೆಯೊಂದಿದೆ. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣದು. ಹಾಗೆಯೇ ಕವಿಯು ತನ್ನ ಕೃತಿಯ ದೋಷವನ್ನು ತಾನು ಕಾಣಲಾರನು ಎಂಬುದು ಅದರ ತಾತ್ಪರ್ಯ. ಆದುದರಿಂದ ಬಲ್ಲವರಿಗೆ ತೋರಿಸಿ, ತಿದ್ದಿಸಿಕೊಂಡು, ಅನಂತರವೇ ಕೃತಿಯನ್ನು ಲೋಕದ ಮುಂದಿಡುವುದು ಲೇಸು ಎಂಬ ವಿವೇಕ ಆ ಮಾತಿನಲ್ಲಿ ಅಡಗಿದೆ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ, ಓಲೆಗರಿಯ ಮೇಲೆ ಅಕ್ಷರ ಕೊರೆಯುತ್ತಿದ್ದ ಕಾಲದಲ್ಲಿ ಹುಟ್ಟಿದ ಈ ಎಚ್ಚರಿಕೆಯು, ಲೇಖಕನೇ ತನ್ನ ಪುಸ್ತಕದ ಪ್ರಕಾಶಕನೂ ಆಗಬಲ್ಲ ಇಂದಿನ ದಿನಗಳಿಗೆ ಹಿಂದೆಂದಿಗಿಂತಲೂ ಹೆಚ್ಚಾಗಿ ಅನ್ವಯಿಸುತ್ತದೆ.

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ದಿನಗಳಲ್ಲಿ ಕೆಲವೇ ಪ್ರತಿಗಳನ್ನು ಮುದ್ರಿಸುವುದು ಯಾರಿಗೂ ಗಿಟ್ಟುತ್ತಿರಲಿಲ್ಲ. ಕಾಗದ, ಜೋಡಣೆಯ ಕೂಲಿ, ರಟ್ಟು ಕಟ್ಟುವ ವೆಚ್ಚ ಇವನ್ನೆಲ್ಲ ಭರಿಸಲು ಬಂಡವಾಳ ಬೇಕಾಗಿತ್ತು. ಬಂಡವಾಳ ಹಾಕುವವನು ಹಸ್ತಪ್ರತಿಯನ್ನು ಒಮ್ಮೆಯಾದರೂ ತೂಗಿ ನೋಡುತ್ತಿದ್ದನು. ಇಂದು ಗಣಕಯಂತ್ರದಲ್ಲಿ ಅಕ್ಷರ ಜೋಡಣೆಯಾಗುತ್ತದೆ. ಬೇಡಿಕೆ ಬಂದಂತೆ ಐವತ್ತು ಅಥವಾ ನೂರು ಪ್ರತಿಗಳನ್ನು ಮಾತ್ರ ಮುದ್ರಿಸಿಕೊಡುವ ಯಂತ್ರಗಳಿವೆ. ಕಾಗದವೇ ಬೇಡವೆನ್ನುವವರಿಗೆ ವಿದ್ಯುನ್ಮಾನ ಪುಸ್ತಕವಿದೆ. ನಿವೃತ್ತ ಅಧ್ಯಾಪಕರು, ಬ್ಯಾಂಕಿನ ನೌಕರರು, ವ್ಯಾಪಾರಸ್ಥರು, ಗೃಹಿಣಿಯರು, ತರುಣ ತಂತ್ರಜ್ಞರು ತಮ್ಮ ತಮ್ಮ ಕಾದಂಬರಿಯನ್ನೋ ಆತ್ಮಕಥನವನ್ನೋ ಕವನಸಂಕಲನವನ್ನೋ ಸ್ವಂತ ವೆಚ್ಚದಲ್ಲಿ ಹೊರತರುತ್ತಿದ್ದಾರೆ. ಅಕ್ಷರವನ್ನು ಪ್ರೀತಿಸುವ ಯಾರಿಗೂ ಇದು ಸಂತೋಷದ ಸಂಗತಿಯೇ.

ಆದರೆ ಇಂತಹ ಪುಸ್ತಕಗಳ ವಿಷಯದಲ್ಲಿ ಸಾಹಿತ್ಯಲೋಕವು ತಳೆದಿರುವ ನಿಲುವು ಎರಡು ಅತಿಗಳ ನಡುವೆ ತೂಗಾಡುತ್ತಿದೆ. ಒಂದು ತಾತ್ಸಾರ, ‘ಕೈಯಿಂದ ಹಣ ಹಾಕಿ ಅಚ್ಚು ಹಾಕಿಸಿದ ಪುಸ್ತಕ’ ಎಂದು ಹೇಳಿ, ಹಾಳೆ ತಿರುವದೆಯೇ ಬದಿಗಿರಿಸುವುದು. ಇನ್ನೊಂದು ದಾಕ್ಷಿಣ್ಯ, ಬಿಡುಗಡೆಯ ಸಮಾರಂಭದಲ್ಲಿ ಹಾರ ಹಾಕಿಸಿಕೊಂಡು, ಓದದ ಪುಸ್ತಕವನ್ನು ಯುಗಪ್ರವರ್ತಕ ಕೃತಿಯೆಂದು ಕೊಂಡಾಡುವುದು. ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧವೆನಿಸಿದರೂ ಎರಡರ ಮೂಲವೂ ಒಂದೇ: ಓದುವ ಶ್ರಮವನ್ನು ತಪ್ಪಿಸಿಕೊಳ್ಳುವುದು. ತಾತ್ಸಾರವು ಲೇಖಕನಿಗೆ ಅನ್ಯಾಯ ಮಾಡುತ್ತದೆ; ದಾಕ್ಷಿಣ್ಯವು ಲೇಖಕನಿಗೂ ಓದುಗನಿಗೂ ಏಕಕಾಲದಲ್ಲಿ ಅನ್ಯಾಯ ಮಾಡುತ್ತದೆ.

ಪ್ರಕಾಶಕನು ಮಾಡುವ ಕೆಲಸಗಳು ಮುಖ್ಯವಾಗಿ ಎರಡು. ಹಣ ಹಾಕುವುದು ಮೊದಲನೆಯದು. ಎರಡನೆಯದು, ‘ಇದು ಬೇಡ’ ಎನ್ನುವುದು. ಈ ಅಧ್ಯಾಯ ಬೇಡ, ಈ ಹೊಗಳಿಕೆ ಬೇಡ, ಈ ಕವನ ಇನ್ನೂ ಮಾಗಿಲ್ಲ, ಈ ಪುಸ್ತಕವೇ ಸದ್ಯಕ್ಕೆ ಬೇಡ ಎಂದು ಹೇಳುವ ಅಪ್ರಿಯವಾದ ಹೊಣೆ ಅವನದು. ಎಲ್ಲ ಪ್ರಕಾಶಕರೂ ಆ ಹೊಣೆಯನ್ನು ಸರಿಯಾಗಿ ನಿರ್ವಹಿಸಿದ್ದಾರೆಂದು ಹೇಳುವಂತಿಲ್ಲ. ಶ್ರೇಷ್ಠ ಕೃತಿಗಳನ್ನು ತಿರಸ್ಕರಿಸಿ ಸಾಧಾರಣವಾದವನ್ನು ಮೆರೆಸಿದ ನಿದರ್ಶನಗಳು ಬೇಕಾದಷ್ಟಿವೆ. ಆದರೂ ಆ ಸ್ಥಾನವೊಂದು ಇತ್ತು. ಲೇಖಕನು ಮೊದಲನೆಯ ಕೆಲಸವನ್ನು ತಾನೇ ವಹಿಸಿಕೊಂಡಾಗ ಎರಡನೆಯದೂ ಅವನ ಪಾಲಿಗೇ ಬರುತ್ತದೆ. ಈ ಎರಡನೆಯ ಹೊಣೆಯನ್ನು ಹೊತ್ತಿದ್ದಾನೆಯೇ ಎಂಬುದೇ ಸ್ವಯಂಪ್ರಕಟಿತ ಕೃತಿಯನ್ನು ಅಳೆಯಬೇಕಾದ ಮುಖ್ಯವಾದ ಮಾನದಂಡ. ಹಣ ಯಾರದೆಂಬುದು ಗೌಣ.

ಹಣ ಯಾರದೆಂಬುದು ಗೌಣವೆನ್ನಲು ಕನ್ನಡದ ಇತಿಹಾಸವೇ ಸಾಕ್ಷಿ. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಕನ್ನಡ ಓದುವ ಅಭ್ಯಾಸವೇ ಕ್ಷೀಣಿಸಿದ್ದ ಸೀಮೆಯಲ್ಲಿ ಓದುಗರನ್ನು ಮನೆಬಾಗಿಲಿಗೆ ಹೋಗಿ ಹುಡುಕಿದರು. ಮಾಸ್ತಿಯವರಿಗೆ ‘ಜೀವನ ಕಾರ್ಯಾಲಯ’ವಿತ್ತು. ಕುವೆಂಪು ಅವರ ಕೃತಿಗಳು ಮೈಸೂರಿನ ಅವರ ಮನೆಯ ಹೆಸರನ್ನೇ ಹೊತ್ತ ‘ಉದಯರವಿ ಪ್ರಕಾಶನ’ದಿಂದ ಹೊರಬಂದವು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ನಡೆಸಿದರು. ಜಿ. ಪಿ. ರಾಜರತ್ನಂ ಅವರು ‘ಶಾಕ್ಯ ಸಾಹಿತ್ಯ ಮಂದಿರ’ವನ್ನು ಕಟ್ಟಿದರು. ಪೂರ್ಣಚಂದ್ರ ತೇಜಸ್ವಿಯವರಿಗೆ ‘ಪುಸ್ತಕ ಪ್ರಕಾಶನ’ವಿತ್ತು, ಲಂಕೇಶರಿಗೆ ‘ಪತ್ರಿಕೆ ಪ್ರಕಾಶನ’ವಿತ್ತು. ಇವರ ಪುಸ್ತಕಗಳನ್ನು ತೆಗೆದುಹಾಕಿದರೆ ಇಪ್ಪತ್ತನೆಯ ಶತಮಾನದ ಕನ್ನಡ ಸಾಹಿತ್ಯದಲ್ಲಿ ಎಷ್ಟು ಉಳಿದೀತೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಸ್ವಂತ ಪ್ರಕಟಣೆ ಅವಮಾನದ ವಿಷಯವಲ್ಲ. ಆದರೆ ಆ ಹಿರಿಯರ ಹೆಸರನ್ನು ಗುರಾಣಿಯಾಗಿ ಹಿಡಿದು ಪರಿಶ್ರಮದಿಂದ ತಪ್ಪಿಸಿಕೊಳ್ಳುವುದೂ ಸಲ್ಲದು.

ಈ ಹೊಣೆಯು ಕಾವ್ಯದಲ್ಲಿ ಒಂದು ಬಗೆಯಾಗಿಯೂ ಆತ್ಮಕಥನದಲ್ಲಿ ಮತ್ತೊಂದು ಬಗೆಯಾಗಿಯೂ ಕಾದಂಬರಿಯಲ್ಲಿ ಇನ್ನೊಂದು ಬಗೆಯಾಗಿಯೂ ಎದುರಾಗುತ್ತದೆ. ಹೊಸ ಪುಸ್ತಕಗಳನ್ನು ತೂಗುವುದಕ್ಕೆ ಮುನ್ನ, ಕಾಲದ ಪರೀಕ್ಷೆಯಲ್ಲಿ ನಿಂತಿರುವ ಕೆಲವು ಸ್ವತಂತ್ರ ಕೃತಿಗಳನ್ನು ಈ ದೃಷ್ಟಿಯಿಂದ ನೋಡುವುದು ಉಪಯುಕ್ತ. ಅವುಗಳ ಗುಣದಿಂದಲೂ ಕಲಿಯಬಹುದು, ಅವುಗಳ ಕರ್ತೃಗಳ ಸ್ಖಲನದಿಂದಲೂ ಕಲಿಯಬಹುದು.

ಕಾವ್ಯ: ಎರಡು ಬಗೆಯ ‘ನಾನು’

1855ರ ಜುಲೈ ತಿಂಗಳಲ್ಲಿ ಅಮೆರಿಕದ ಬ್ರೂಕ್ಲಿನ್ ನಗರದಲ್ಲಿ ತೆಳುವಾದ ಕವನಸಂಕಲನವೊಂದು ಹೊರಬಂದಿತು. ಹೆಸರು ‘ಲೀವ್ಸ್ ಆಫ್ ಗ್ರಾಸ್’. ಮುಖಪುಟದಲ್ಲಿ ಕವಿಯ ಹೆಸರಿರಲಿಲ್ಲ. ಅದರ ಎದುರಿನಲ್ಲಿ ಕೆಲಸಗಾರನ ಉಡುಪಿನಲ್ಲಿ ನಿಂತವನೊಬ್ಬನ ಚಿತ್ರವಿತ್ತು. ಶೀರ್ಷಿಕೆಯಿಲ್ಲದ 12 ಕವನಗಳು, ಸುಮಾರು 800 ಪ್ರತಿಗಳು. ವೆಚ್ಚ ಕವಿಯದೇ. ಪರಿಚಿತ ಸಹೋದರರ ಚಿಕ್ಕ ಮುದ್ರಣಾಲಯದಲ್ಲಿ ಕೆಲವು ಪುಟಗಳ ಮೊಳೆಗಳನ್ನು ಜೋಡಿಸಿದವನೂ ಅವನೇ. ಆತ ವಾಲ್ಟ್ ವಿಟ್ಮನ್. ಎಳವೆಯಲ್ಲಿಯೇ ಅಚ್ಚುಕೂಟದ ಕೆಲಸ ಕಲಿತಿದ್ದವನು.

ಆ ಕಾಲದ ಯಾವ ಪ್ರಕಾಶಕನೂ ಅಂತಹ ಕವಿತೆಯನ್ನು ಒಪ್ಪಿಕೊಳ್ಳುವುದು ಕಷ್ಟವಿತ್ತು. ಪ್ರಾಸವಿಲ್ಲ, ನಿಯತವಾದ ಛಂದಸ್ಸಿಲ್ಲ, ಪುಟದ ಅಂಚಿನವರೆಗೂ ಹರಿದು ಹೋಗುವ ಸಾಲುಗಳು. ಬಡಗಿ, ದೋಣಿಯವನು, ಓಡಿಹೋಗುತ್ತಿರುವ ಗುಲಾಮ, ಮುದುಕಿ, ಮಗು ಎಲ್ಲರನ್ನೂ ಒಂದೇ ಉಸಿರಿನಲ್ಲಿ ಕರೆದು ಸೇರಿಸಿಕೊಳ್ಳುವ ‘ನಾನು’ ಅಲ್ಲಿ ಮಾತನಾಡುತ್ತದೆ. ಈ ‘ನಾನು’ ಅಹಂಕಾರದ ನಾನಲ್ಲ. ತನ್ನ ಗೋಡೆಗಳನ್ನು ಕೆಡವಿಕೊಳ್ಳುತ್ತ ಹೋಗುವ ನಾನು. ಪರರ ನೋವನ್ನು ತನ್ನ ಮೈಯ ನೋವೆಂದು ತಿಳಿಯುವ ನಾನು. ಸ್ವಾತಂತ್ರ್ಯವು ಕಾವ್ಯಕ್ಕೆ ಏನನ್ನು ಕೊಡಬಲ್ಲದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ವಿರಳ. ದೋಷವೂ ಇದೆ. ಪಟ್ಟಿ ಮಾಡುವ ಉತ್ಸಾಹದಲ್ಲಿ ಕವಿ ಹಲವೆಡೆ ಹೆಸರುಗಳ ರಾಶಿ ಹಾಕಿ ಮುಂದೆ ಸಾಗುತ್ತಾನೆ. ಪ್ರತಿಮೆಯಾಗಬೇಕಾದದ್ದು ಬರಿಯ ಎಣಿಕೆಯಾಗಿ ಉಳಿಯುತ್ತದೆ. ‘ಇಷ್ಟು ಸಾಕು’ ಎನ್ನುವ ಇನ್ನೊಂದು ಕಣ್ಣು ಬೇಕಾಗಿತ್ತೆಂದು ಅಂತಹ ಕಡೆ ತೋರುತ್ತದೆ.

ಪುಸ್ತಕ ಹೊರಬಂದ ಮೇಲೆ ನಡೆದುದು ನೀತಿಯ ದೃಷ್ಟಿಯಿಂದ ಇನ್ನೂ ಗಮನಾರ್ಹ. ವಿಟ್ಮನ್ ತನ್ನ ಪುಸ್ತಕದ ವಿಮರ್ಶೆಗಳನ್ನು ತಾನೇ ಬರೆದು, ಹೆಸರಿಲ್ಲದೆ ಪತ್ರಿಕೆಗಳಲ್ಲಿ ಪ್ರಕಟಿಸಿದನು. ಅಮೆರಿಕಕ್ಕೆ ಕಡೆಗೂ ತನ್ನ ಕವಿ ದೊರೆತನೆಂದು ಸಾರುತ್ತಿದ್ದ ಅಜ್ಞಾತ ವಿಮರ್ಶಕನು ಆ ಕವಿಯೇ ಆಗಿದ್ದನು. ಮತ್ತೊಂದು ಪ್ರಸಂಗ: ಆಗಿನ ಹಿರಿಯ ಚಿಂತಕ ಎಮರ್ಸನ್ 1855ರ ಜುಲೈ 21ರಂದು ಪುಸ್ತಕವನ್ನು ಮೆಚ್ಚಿ ವಿಟ್ಮನ್‌ಗೆ ಖಾಸಗಿ ಪತ್ರ ಬರೆದನು. ಅನುಮತಿ ಕೇಳದೆ ಅದು ಪತ್ರಿಕೆಯಲ್ಲಿ ಅಚ್ಚಾಯಿತು. 1856ರ ಎರಡನೆಯ ಆವೃತ್ತಿಯ ಬೆನ್ನಿನ ಮೇಲೆ ಅದರ ಒಂದು ವಾಕ್ಯ ಎಮರ್ಸನ್ನನ ಹೆಸರಿನೊಡನೆ ಚಿನ್ನದ ಅಕ್ಷರಗಳಲ್ಲಿ ಮೂಡಿತು.

ಕವಿತೆಯ ‘ನಾನು’ ಎಲ್ಲರೊಳಗೆ ಕರಗಲು ಹೊರಟಿತು. ವಿಮರ್ಶೆಯ ‘ನಾನು’ ತನ್ನನ್ನು ಮೆರೆಸಿಕೊಳ್ಳುವುದಕ್ಕಾಗಿ ಮರೆಯಲ್ಲಿ ಅಡಗಿತು. ಒಂದೇ ಕೈಯಿಂದ ಬಂದ ಈ ಎರಡು ಬರಹಗಳ ನಡುವಣ ಅಂತರವೇ ಕಾವ್ಯಕ್ಕೂ ಜಾಹೀರಾತಿಗೂ ಇರುವ ಅಂತರ. ಕೃತಿ ಶ್ರೇಷ್ಠವಾಗಿದ್ದುದರಿಂದ ಈ ನಡತೆ ಕ್ಷಮ್ಯವೆಂದು ವಾದಿಸುವವರಿದ್ದಾರೆ. ಆದರೆ ಸುಳ್ಳಿನ ಸಾಕ್ಷಿಯಿಂದ ಗೆದ್ದ ಸತ್ಯವಾದ ವ್ಯಾಜ್ಯವೂ ಸಾಕ್ಷಿಯನ್ನು ಶುದ್ಧಗೊಳಿಸುವುದಿಲ್ಲ. ಪರರ ಖಾಸಗಿ ಮಾತನ್ನು ಕೇಳದೆ ತೆಗೆದುಕೊಳ್ಳುವುದು, ಕೊಡದುದನ್ನು ತೆಗೆದುಕೊಂಡಂತೆಯೇ ಸರಿ. ವಿಟ್ಮನ್‌ನನ್ನು ಉಳಿಸಿದ್ದು ಆ ತಂತ್ರಗಳಲ್ಲ. 1855ರಿಂದ 1892ರ ಮರಣದವರೆಗೆ ಅದೇ ಪುಸ್ತಕವನ್ನು ಮತ್ತೆ ಮತ್ತೆ ತಿದ್ದಿ, ಸೇರಿಸಿ, ಕ್ರಮ ಬದಲಿಸಿ ಹೊರತಂದ ಸುದೀರ್ಘ ತಪಸ್ಸು ಅವನನ್ನು ಉಳಿಸಿತು. ಆ ತಿದ್ದುಪಡಿಯೇ ಅವನು ತನ್ನ ಬಗ್ಗೆ ಬರೆದ ಪ್ರಾಮಾಣಿಕವಾದ ವಿಮರ್ಶೆ.

ಕನ್ನಡದ ಇಂದಿನ ಸ್ವಯಂಪ್ರಕಟಿತ ಕವನಸಂಕಲನಗಳಿಗೆ ಇಲ್ಲಿ ಪಾಠವಿದೆ. ಬೆನ್ನುಡಿಯನ್ನು ತಾವೇ ಬರೆದು ಪ್ರಸಿದ್ಧರ ಸಹಿ ಪಡೆಯುವುದು, ದೂರವಾಣಿಯಲ್ಲಿ ಸೌಜನ್ಯಕ್ಕೆ ಆಡಿದ ಮಾತನ್ನು ರಕ್ಷಾಪುಟದಲ್ಲಿ ಅಚ್ಚು ಹಾಕಿಸುವುದು, ಮಿತ್ರರ ಹೆಸರಿನಲ್ಲಿ ತಮ್ಮದೇ ಪ್ರಶಂಸೆಯನ್ನು ಹಂಚುವುದು ಇವೆಲ್ಲ ವಿಟ್ಮನ್‌ನ ದೌರ್ಬಲ್ಯವನ್ನು ಮಾತ್ರ ಅನುಸರಿಸಿದಂತೆ. ಅನುಸರಿಸಬೇಕಾದುದು ಅವನ ತಾಳ್ಮೆಯನ್ನು.

ಆತ್ಮಕಥನ: ಗೋಮತಿಗೆ ಎಸೆದ ಪುಸ್ತಕ

ಸ್ವಂತ ವೆಚ್ಚದಲ್ಲಿ ಬರುವ ಗದ್ಯಕೃತಿಗಳಲ್ಲಿ ಆತ್ಮಕಥನದ ಸ್ಥಾನ ದೊಡ್ಡದು. ಬದುಕಿನ ಅನುಭವ ಎಲ್ಲರಿಗೂ ಇರುವುದರಿಂದ ಅದನ್ನು ಬರೆಯುವ ಅಧಿಕಾರವೂ ಎಲ್ಲರಿಗೂ ಇದೆ. ಆದರೆ ಇಂತಹ ಹಲವು ಗ್ರಂಥಗಳಲ್ಲಿ ಬದುಕಿನ ಬದಲು ಸೇವಾಪುಸ್ತಕ ಕಾಣಿಸುತ್ತದೆ: ನೇಮಕಾತಿ, ಬಡ್ತಿ, ವರ್ಗಾವಣೆ, ಸನ್ಮಾನ, ವಿದೇಶ ಪ್ರವಾಸ, ಮಕ್ಕಳ ಹುದ್ದೆ, ಕೊನೆಗೆ ಛಾಯಾಚಿತ್ರಗಳ ಹಾಳೆಗಳು. ನಾಯಕನು ಎಂದೂ ಸೋಲುವುದಿಲ್ಲ. ಸೋತಿದ್ದರೆ ಅದು ಇತರರ ಮತ್ಸರದಿಂದ.

ಈ ಕೃತಿಗಳಿಗೆ ಎದುರಾಗಿ ಇಡಬಹುದಾದ ಮಾನದಂಡವೊಂದು ಭಾರತದಲ್ಲಿಯೇ ಇದೆ. ಜೌನ್‌ಪುರದಲ್ಲಿ 1586ರಲ್ಲಿ ಹುಟ್ಟಿದ ಬನಾರಸೀದಾಸನೆಂಬ ಜೈನ ವರ್ತಕ 1641ರಲ್ಲಿ ಆಗ್ರಾದಲ್ಲಿ ‘ಅರ್ಧಕಥಾನಕ’ವನ್ನು ರಚಿಸಿದನು. ಭಾರತೀಯ ಭಾಷೆಗಳಲ್ಲಿ ಮೊದಲ ಆತ್ಮಕಥೆಯೆಂದು ಪರಿಗಣಿತವಾಗಿರುವ ಈ ಪದ್ಯಕೃತಿಯಲ್ಲಿ ಸುಮಾರು 675 ಪದ್ಯಗಳಿವೆ. ಮನುಷ್ಯನ ಪೂರ್ಣಾಯುಸ್ಸು 110 ವರ್ಷವೆಂದು ಲೆಕ್ಕ ಹಿಡಿದು, ತನ್ನ 55 ವರ್ಷದ ಬದುಕನ್ನು ಅರ್ಧ ಕಥೆಯೆಂದು ಅವನು ಕರೆದನು. ರಾಜಾಶ್ರಯವಿಲ್ಲ, ಪ್ರಕಾಶಕನಿಲ್ಲ, ಬರೆಯೆಂದು ಆಜ್ಞಾಪಿಸಿದ ಪ್ರಭುವಿಲ್ಲ. ಅಚ್ಚಿನಲ್ಲಿ ಅದು ಬೆಳಕು ಕಂಡದ್ದು 1943ರಲ್ಲಿ, ಮೂರು ಶತಮಾನಗಳ ತರುವಾಯ.

ಅವನ ಕಥನದಲ್ಲಿ ಗೆಲುವಿಗಿಂತ ಸೋಲು ಹೆಚ್ಚು. ರತ್ನಗಳ ವ್ಯಾಪಾರಕ್ಕೆಂದು ಆಗ್ರಾಕ್ಕೆ ಹೋಗಿ ಕೈಸುಟ್ಟುಕೊಂಡದ್ದು, ಕಾಸಿಲ್ಲದೆ ಕಚೋರಿ ಮಾರುವವನಲ್ಲಿ ತಿಂಗಳುಗಟ್ಟಲೆ ಸಾಲಕ್ಕೆ ಉಂಡದ್ದು, ಆ ಬಡವ ಮರುಮಾತಿಲ್ಲದೆ ಉಣಬಡಿಸಿದ್ದು ಎಲ್ಲವೂ ಅಲ್ಲಿವೆ. ಸಂನ್ಯಾಸಿಯೊಬ್ಬನ ಮಾತು ನಂಬಿ, ಪ್ರತಿದಿನ ಬಾಗಿಲಲ್ಲಿ ಚಿನ್ನದ ನಾಣ್ಯ ಸಿಕ್ಕೀತೆಂದು ವರ್ಷವಿಡೀ ಗುಟ್ಟಾಗಿ ಮಂತ್ರ ಜಪಿಸಿ ಏನೂ ಸಿಗದೆ ಪೆಚ್ಚಾದುದನ್ನೂ ಅವನು ಮುಚ್ಚಿಡುವುದಿಲ್ಲ. 1605ರಲ್ಲಿ ಅಕ್ಬರನ ಮರಣವಾರ್ತೆ ಕೇಳಿ ಮೆಟ್ಟಿಲ ಮೇಲಿಂದ ಬಿದ್ದು ತಲೆ ಒಡೆದುಕೊಂಡ ಚಿತ್ರವೂ, ಜೌನ್‌ಪುರದ ವರ್ತಕರು ಭಯದಿಂದ ಒಡವೆ ಬಚ್ಚಿಟ್ಟು ಒರಟು ಬಟ್ಟೆ ಉಟ್ಟ ಚಿತ್ರವೂ ಇತಿಹಾಸದ ಗ್ರಂಥಗಳು ಕೊಡಲಾರದಷ್ಟು ನಿಚ್ಚಳವಾಗಿವೆ. ಮೂರು ಮದುವೆ, ಒಂಬತ್ತು ಮಕ್ಕಳು. ಒಂಬತ್ತೂ ಮಕ್ಕಳ ಮರಣ. ಈ ದುಃಖವನ್ನು ಅವನು ಎಲೆಯುದುರಿ ಬೋಳಾದ ಮರದ ನೆಮ್ಮದಿಯಿಂದ ಹೇಳುತ್ತಾನೆ. ಕೃತಿಯ ಕೊನೆಯಲ್ಲಿ ತನ್ನ ಗುಣಗಳನ್ನು ಪಟ್ಟಿ ಮಾಡಿ, ಅದರ ಜೊತೆಯಲ್ಲಿಯೇ ತನ್ನ ದೋಷಗಳನ್ನೂ ಪಟ್ಟಿ ಮಾಡುತ್ತಾನೆ. ಜೈನ ಪರಿಭಾಷೆಯಲ್ಲಿ ‘ಆಲೋಚನಾ’ ಎಂದರೆ ತನ್ನ ದೋಷಗಳನ್ನು ಗುರುವಿನ ಮುಂದೆ ನಿವೇದಿಸಿಕೊಳ್ಳುವುದು. ಇಲ್ಲಿ ಗುರುವಿನ ಸ್ಥಾನದಲ್ಲಿ ಓದುಗನಿದ್ದಾನೆ. ಆದರೂ ಪಶ್ಚಾತ್ತಾಪದ ಪ್ರದರ್ಶನವಿಲ್ಲ. ತನ್ನನ್ನು ನೋಡಿ ತಾನೇ ನಗಬಲ್ಲ ಹಗುರವಾದ ಧಾಟಿ ಕೃತಿಯನ್ನು ಕಾಪಾಡಿದೆ.

ಅವನ ಬಾಳಿನ ಇನ್ನೊಂದು ಘಟನೆ ಈ ಚರ್ಚೆಗೆ ಕೇಂದ್ರವಾದುದು. ಹದಿಹರೆಯದಲ್ಲಿ ಬನಾರಸೀದಾಸನು ಸಾವಿರ ಪದ್ಯಗಳ ಕಾವ್ಯವೊಂದನ್ನು ಬರೆದಿದ್ದನು. ಅದರಲ್ಲಿ ಶೃಂಗಾರವೇ ಹೆಚ್ಚು. ಕೆಲವು ವರ್ಷಗಳ ಬಳಿಕ, ಮಿತ್ರರೊಡನೆ ಗೋಮತಿ ನದಿಯ ಸೇತುವೆಯ ಮೇಲೆ ಕುಳಿತಿದ್ದಾಗ, ತಾನು ಬರೆದುದೆಲ್ಲ ಸುಳ್ಳೆಂಬ ಅರಿವು ಮೂಡಿ ಇಡೀ ಗ್ರಂಥವನ್ನು ನೀರಿಗೆ ಎಸೆದನು. ಗೆಳೆಯರು ಹಾಹಾಕಾರ ಮಾಡಿದರು. ಹಾಳೆಗಳು ಹರಿದು ಹೋದವು. ಶೃಂಗಾರ ತ್ಯಾಜ್ಯವೆಂಬುದು ಈ ಪ್ರಸಂಗದ ಸಾರವಲ್ಲ. ಕನ್ನಡದ ಜೈನ ಕವಿಗಳೇ ಶೃಂಗಾರವನ್ನು ಮನಮುಟ್ಟುವಂತೆ ಬರೆದಿದ್ದಾರೆ. ತಾನು ಬಾಳದ, ತಾನು ನಂಬದ ಮಾತನ್ನು ಲೋಕಕ್ಕೆ ಹಂಚಬಾರದೆಂದು ಲೇಖಕನೊಬ್ಬ ತನಗೆ ತಾನೇ ‘ಬೇಡ’ ಎಂದುಕೊಂಡನೆಂಬುದು ಮುಖ್ಯ. ‘ಅರ್ಧಕಥಾನಕ’ದ ಪ್ರಾಮಾಣಿಕತೆಯ ಬೇರು ಆ ಸೇತುವೆಯ ಮೇಲಿದೆ.

ನದಿಗೆ ಎಸೆಯುವ ಧೈರ್ಯ ಎಲ್ಲರಿಗೂ ಬರುವಂತಹದಲ್ಲ. ಅದು ಬೇಕಾಗಿಯೂ ಇಲ್ಲ. ಬೇರೊಂದು ದಾರಿಯನ್ನು ಅಮೆರಿಕದ ಹೆನ್ರಿ ಡೇವಿಡ್ ಥೋರೋ ತೋರಿಸಿದ್ದಾನೆ. ಅಣ್ಣನೊಡನೆ ಕೈಗೊಂಡ ದೋಣಿಯಾನದ ನೆನಪುಗಳನ್ನು ಹೆಣೆದು, ನಷ್ಟವಾದರೆ ತಾನೇ ತುಂಬಿಕೊಡುವ ಕರಾರಿನ ಮೇಲೆ 1849ರಲ್ಲಿ ತನ್ನ ಮೊದಲ ಪುಸ್ತಕವನ್ನು ಅವನು ಹೊರತಂದನು. 1,000 ಪ್ರತಿಗಳಲ್ಲಿ 706 ಪ್ರತಿಗಳು 1853ರಲ್ಲಿ ಅವನ ಮನೆಗೇ ಹಿಂದಿರುಗಿದವು. ಅವನೇ ಹೊತ್ತು ಅಟ್ಟಕ್ಕೆ ಏರಿಸಿದನು. ತನ್ನ ಗ್ರಂಥಾಲಯದಲ್ಲಿ ತಾನೇ ಬರೆದ ಪುಸ್ತಕಗಳೇ ಹೆಚ್ಚೆಂದು ದಿನಚರಿಯಲ್ಲಿ ನಗೆಯಾಡಿದನು. ಓದುಗರ ಮೇಲೆ ಸಿಡುಕಲಿಲ್ಲ; ಪ್ರತಿಗಳನ್ನು ಬಲವಂತವಾಗಿ ಹಂಚಲಿಲ್ಲ. ಕೊಡಬೇಕಾಗಿದ್ದ ಸಾಲವನ್ನು ದುಡಿದು ತೀರಿಸಿದನು. ಬರೆಯುತ್ತಿದ್ದ ಮುಂದಿನ ಪುಸ್ತಕವನ್ನು ಹಲವು ಬಾರಿ ತಿದ್ದಿ ಬರೆದನು. 1854ರಲ್ಲಿ ಪ್ರಕಟವಾದ ಆ ಪುಸ್ತಕವೇ ‘ವಾಲ್ಡನ್’. ಮಾರಾಟವಾಗದ ಪುಸ್ತಕವೂ ಒಂದು ಬಗೆಯ ವಿಮರ್ಶೆ. ಅದನ್ನು ಹೇಗೆ ಸ್ವೀಕರಿಸಬೇಕೆಂಬುದಕ್ಕೆ ಥೋರೋ ಆದರ್ಶ.

ಆತ್ಮಕಥನದಲ್ಲಿ ಮತ್ತೊಂದು ಸೂಕ್ಷ್ಮವಿದೆ. ತನ್ನ ಕಥೆಯನ್ನು ಹೇಳುವವನು ಅನಿವಾರ್ಯವಾಗಿ ಹೆಂಡತಿಯ, ಅಣ್ಣತಮ್ಮಂದಿರ, ಮೇಲಧಿಕಾರಿಗಳ, ತೀರಿಕೊಂಡವರ ಕಥೆಯನ್ನೂ ಹೇಳುತ್ತಾನೆ. ಅವರಿಗೆ ಉತ್ತರ ಕೊಡುವ ಅವಕಾಶವಿಲ್ಲ. ಸಂಸ್ಥೆಯೊಂದು ಪ್ರಕಟಿಸುವಾಗ ಸಂಪಾದಕನು ಕೇಳಬಹುದಾದ ಪ್ರಶ್ನೆಯನ್ನು ಸ್ವತಂತ್ರ ಲೇಖಕನು ತಾನೇ ಕೇಳಿಕೊಳ್ಳಬೇಕು: ಈ ಪುಟ ಸತ್ಯಕ್ಕಾಗಿ ಬರೆದದ್ದೋ, ಹಳೆಯ ಲೆಕ್ಕ ತೀರಿಸುವುದಕ್ಕಾಗಿ ಬರೆದದ್ದೋ? ಬನಾರಸೀದಾಸನು ಪರರ ಉಪಕಾರವನ್ನು ನೆನೆಯುತ್ತಾನೆ, ತನ್ನ ದೋಷವನ್ನು ಬಯಲಿಗಿಡುತ್ತಾನೆ. ಹಿಂಸೆಯು ಕೈಯಿಂದ ಮಾತ್ರ ನಡೆಯುವುದಲ್ಲ, ಮಾತಿನಿಂದಲೂ ನಡೆಯುತ್ತದೆ ಎಂಬ ವಿವೇಕಕ್ಕೆ ಆತ್ಮಕಥನಕ್ಕಿಂತ ಕಠಿಣವಾದ ಪರೀಕ್ಷೆ ಮತ್ತೊಂದಿಲ್ಲ.

ಕಾದಂಬರಿ: ಮೊದಲ ಓದುಗನ ಸ್ಥಾನ

ಕಾದಂಬರಿಯು ದೀರ್ಘವಾದ ಪ್ರಕಾರ. ಇಲ್ಲಿ ಕಡಿತದ ಅಭಾವ ಬೇಗ ಎದ್ದು ಕಾಣುತ್ತದೆ. ಲೇಖಕನೇ ಪ್ರಕಾಶಕನಾದ ಅನೇಕ ಕಾದಂಬರಿಗಳಲ್ಲಿ ಮೊದಲ ಐವತ್ತು ಪುಟಗಳು ಕಥೆಯ ಹೊರಗೇ ಸುತ್ತಾಡುತ್ತವೆ. ಪಾತ್ರಗಳು ಲೇಖಕನ ಅಭಿಪ್ರಾಯಗಳನ್ನು ಭಾಷಣದಂತೆ ಒಪ್ಪಿಸುತ್ತವೆ. ಒಂದೇ ಘಟನೆ ಎರಡೆರಡು ಸಲ ಬರುತ್ತದೆ. ಇವು ಪ್ರತಿಭೆಯ ಕೊರತೆಗಳಲ್ಲ, ಪ್ರಾಮಾಣಿಕನಾದ ಮೊದಲ ಓದುಗನ ಕೊರತೆಗಳು.

ಇಂಗ್ಲೆಂಡಿನ ವರ್ಜೀನಿಯಾ ವುಲ್ಫ್ ಮತ್ತು ಆಕೆಯ ಪತಿ ಲಿಯೊನಾರ್ಡ್ ವುಲ್ಫ್ 1917ರಲ್ಲಿ ಚಿಕ್ಕದೊಂದು ಕೈಯಚ್ಚಿನ ಯಂತ್ರವನ್ನು ಕೊಂಡು, ತಮ್ಮ ಮನೆಯಾದ ಹೊಗಾರ್ತ್ ಹೌಸ್‌ನಲ್ಲಿಯೇ ಸ್ಥಾಪಿಸಿದರು. ದಂಪತಿಗಳು ಒಂದೊಂದು ಕಥೆ ಬರೆದು, ತಾವೇ ಮೊಳೆ ಜೋಡಿಸಿ, ಸುಮಾರು 150 ಪ್ರತಿಗಳ ಕಿರುಪುಸ್ತಕವೊಂದನ್ನು ಅದೇ ವರ್ಷ ಹೊರತಂದರು. ವರ್ಜೀನಿಯಾಳ ಮೊದಲೆರಡು ಕಾದಂಬರಿಗಳನ್ನು ಆಕೆಯ ಮಲಸಹೋದರನ ಸಂಸ್ಥೆ ಪ್ರಕಟಿಸಿತ್ತು. ಅವು ರೂಪದಲ್ಲಿ ಹೆಚ್ಚುಕಡಿಮೆ ಸಾಂಪ್ರದಾಯಿಕ. 1922ರಲ್ಲಿ ತಮ್ಮದೇ ಹೊಗಾರ್ತ್ ಪ್ರೆಸ್‌ನಿಂದ ಬಂದ ‘ಜೇಕಬ್ಸ್ ರೂಮ್’ ಮೂರನೆಯದು; ಅಲ್ಲಿಂದ ಆಕೆಯ ದಾರಿ ಬೇರೆಯಾಯಿತು.

ಆ ಕಾದಂಬರಿಯ ನಾಯಕ ಜೇಕಬ್ ಯುದ್ಧದಲ್ಲಿ ಮಡಿಯುವ ತರುಣ. ಅವನನ್ನು ಲೇಖಕಿ ನೇರವಾಗಿ ತೋರಿಸುವುದಿಲ್ಲ. ತಾಯಿ, ಗೆಳೆಯರು, ಪ್ರೀತಿಸಿದವರು, ಗಾಡಿಯಲ್ಲಿ ಎದುರು ಕುಳಿತ ಅಪರಿಚಿತೆ ಮುಂತಾದವರ ಕಣ್ಣಿಗೆ ತುಣುಕು ತುಣುಕಾಗಿ ಅವನು ಕಾಣುತ್ತಾನೆ. ಕೊನೆಗೆ ಉಳಿಯುವುದು ಬರಿದಾದ ಕೋಣೆ, ಅವನ ಬೂಟುಗಳು. ಪುಟದಲ್ಲಿ ಖಂಡ ಖಂಡಗಳ ನಡುವೆ ಬಿಟ್ಟ ಖಾಲಿ ಜಾಗಗಳೂ ಆ ಶೂನ್ಯವನ್ನು ಹೇಳುತ್ತವೆ. ಒಂದೊಂದೇ ಮೊಳೆ ಎತ್ತಿಟ್ಟು ಜೋಡಿಸಿದ ಕೈಗೆ ಅಕ್ಷರದ ಬೆಲೆಯೂ ಬಯಲಿನ ಬೆಲೆಯೂ ತಿಳಿದಿರುತ್ತದೆ. ಗಣಕಯಂತ್ರವು ಆ ಬೆಲೆಯನ್ನು ಕೇಳುವುದಿಲ್ಲ. ಶ್ರಮವಿಲ್ಲದೆ ಸಾವಿರ ಪುಟ ತುಂಬಬಹುದಾದಾಗ, ಯಂತ್ರ ಕೇಳದ ಬೆಲೆಯನ್ನು ಮನಸ್ಸೇ ಕೇಳಬೇಕಾಗುತ್ತದೆ.

ಈ ಸ್ವಾತಂತ್ರ್ಯದ ಮಧ್ಯೆಯೂ ವರ್ಜೀನಿಯಾ ವುಲ್ಫ್ ‘ಕಾಡಿಗೆ’ಯನ್ನು ಮರೆತವಳಲ್ಲ. ಹಸ್ತಪ್ರತಿ ಮುಗಿದೊಡನೆ ಅದು ಲಿಯೊನಾರ್ಡನ ಕೈ ಸೇರುತ್ತಿತ್ತು. ಅವನ ತೀರ್ಪಿಗಾಗಿ ಆಕೆ ತಳಮಳದಿಂದ ಕಾಯುತ್ತಿದ್ದಳೆಂಬುದಕ್ಕೆ ದಿನಚರಿಗಳೇ ಸಾಕ್ಷಿ. ಯಾರ ಅಪ್ಪಣೆಯೂ ಬೇಡವಾಗಿದ್ದ ಲೇಖಕಿ ಒಬ್ಬ ಓದುಗನ ಪ್ರಾಮಾಣಿಕತೆಗೆ ತಾನಾಗಿ ತಲೆಬಾಗಿದಳು. ಸ್ವಾತಂತ್ರ್ಯವೆಂದರೆ ಯಾರ ಮಾತನ್ನೂ ಕೇಳದಿರುವುದಲ್ಲ. ಯಾರ ಮಾತನ್ನು ಕೇಳಬೇಕೆಂಬುದನ್ನು ತಾನೇ ಆರಿಸಿಕೊಳ್ಳುವುದು.

ಇದಕ್ಕೆ ವಿರುದ್ಧವಾದ ಎಚ್ಚರಿಕೆಯೊಂದು ಫ್ರಾನ್ಸಿನಿಂದ ಬರುತ್ತದೆ. ಮಾರ್ಸೆಲ್ ಪ್ರೂಸ್ತ್‌ನ ಮಹಾಕಾದಂಬರಿಯ ಮೊದಲ ಸಂಪುಟವನ್ನು ಹಲವು ಪ್ರಕಾಶಕರು ತಿರಸ್ಕರಿಸಿದ್ದರಿಂದ, 1913ರಲ್ಲಿ ಅವನು ತನ್ನದೇ ವೆಚ್ಚದಲ್ಲಿ ಗ್ರಾಸೆ ಸಂಸ್ಥೆಯ ಮೂಲಕ ಅದನ್ನು ಹೊರತಂದನು. ತಿರಸ್ಕರಿಸಿದವರಲ್ಲಿ ಒಬ್ಬನಾದ ಆಂದ್ರೆ ಜೀದ್ ಮರುವರ್ಷವೇ ತಪ್ಪೊಪ್ಪಿಕೊಂಡು ಪತ್ರ ಬರೆದನು. ಇಷ್ಟಕ್ಕೆ ಕಥೆ ಮುಗಿದಿದ್ದರೆ ಅದು ಸ್ವಯಂಪ್ರಕಟಣೆಯ ವಿಜಯಗಾಥೆಯಾಗುತ್ತಿತ್ತು. ಆದರೆ ಪತ್ರಿಕೆಗಳಲ್ಲಿ ತನ್ನ ಪ್ರಶಂಸೆ ಅಚ್ಚಾಗುವಂತೆ ಪ್ರೂಸ್ತ್ ಹಣ ಕೊಟ್ಟಿದ್ದನೆಂಬುದು ಅವನ ಪತ್ರಗಳಿಂದ 2017ರಲ್ಲಿ ಬಹಿರಂಗವಾಯಿತು. ಅಂತಹ ಮೇರುಕೃತಿಗೂ ಕೊಂಡ ಹೊಗಳಿಕೆಯ ಊರುಗೋಲು ಬೇಕೆಂದು ಅದರ ಕರ್ತೃವಿಗೆ ತೋರಿತೆಂಬುದು ವಿಷಾದದ ಸಂಗತಿ. ಕೃತಿಯನ್ನು ಮುದ್ರಿಸಲು ಹಣ ಕೊಡುವುದು ದೋಷವಲ್ಲ. ಅಭಿಪ್ರಾಯವನ್ನು ಹಣ ಕೊಟ್ಟು ಕೊಳ್ಳುವುದು ದೋಷ. ಮೊದಲನೆಯದರಲ್ಲಿ ನಷ್ಟ ತನ್ನದು. ಎರಡನೆಯದರಲ್ಲಿ ವಂಚನೆ ಓದುಗನಿಗೆ.

ಓದುಗರ ಪಾಲು

ಹೊಣೆಯನ್ನೆಲ್ಲ ಲೇಖಕನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಸಂಗತಿಯನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯುತ್ತಾರೆ. ಆ ದಾನದ ಹಿರಿಮೆ ಸಂಖ್ಯೆಯಲ್ಲಿ ಮಾತ್ರ ಇಲ್ಲ. ಉಳಿಯತಕ್ಕದ್ದು ಎಂದು ತೂಗಿ ಆರಿಸಿದ ಕೃತಿ ಅದು; ತೂಗಿದವಳು ಅದರ ಕವಿಯಲ್ಲ, ಸಹೃದಯಳಾದ ಇನ್ನೊಬ್ಬಳು. ಇಂದು ಮದುವೆ, ಗೃಹಪ್ರವೇಶ, ಷಷ್ಟ್ಯಬ್ದಿಗಳಲ್ಲಿ ಪುಸ್ತಕ ಹಂಚುವ ಒಳ್ಳೆಯ ಪದ್ಧತಿಯಿದೆ. ಆದರೆ ಆರಿಸುವ ಆ ವಿವೇಕ ಇಲ್ಲದೆ ಹಂಚಿದ ಪುಸ್ತಕಗಳು ತೆರೆಯದೆಯೇ ಅಟ್ಟ ಸೇರುತ್ತವೆ. ಪುಸ್ತಕವನ್ನು ಕೊಟ್ಟವನಿಗೆ ದಾನದ ತೃಪ್ತಿ, ಪಡೆದವನಿಗೆ ಸೌಜನ್ಯದ ತೃಪ್ತಿ. ಓದು ಮಾತ್ರ ನಡೆಯಲಿಲ್ಲ. ಪುಸ್ತಕಗಳ ಸಂಗ್ರಹವೂ ಪರಿಗ್ರಹವೇ ಆಗಬಹುದೆಂಬುದನ್ನು ಮರೆಯಲಾಗದು.

ಸ್ವತಂತ್ರ ಲೇಖಕನಿಗೆ ಓದುಗನು ಮಾಡಬಹುದಾದ ದೊಡ್ಡ ಉಪಕಾರ ಮೂರು ಬಗೆಯದು. ಸಾಧ್ಯವಿದ್ದರೆ ಪುಸ್ತಕವನ್ನು ಬೆಲೆ ಕೊಟ್ಟು ಕೊಳ್ಳುವುದು. ಕೊಂಡದ್ದನ್ನು ಕೊನೆಯವರೆಗೆ ಓದುವುದು. ಓದಿ ತೋರಿದ ಅಭಿಪ್ರಾಯವನ್ನು ಮೃದುವಾದ ಮಾತಿನಲ್ಲಿ, ಆದರೆ ಮರೆಮಾಚದೆ, ಲೇಖಕನಿಗೇ ತಿಳಿಸುವುದು. ಮುನ್ನುಡಿ ಬರೆಯಲು ಒಪ್ಪಿಕೊಂಡ ಹಿರಿಯರು ಮುದ್ರಣಕ್ಕೆ ಮೊದಲೇ ತಿದ್ದುಪಡಿಗಳನ್ನು ಸೂಚಿಸಿದರೆ, ಮುನ್ನುಡಿಯ ಹತ್ತು ಪುಟಗಳಿಗಿಂತ ಹೆಚ್ಚಿನ ಸೇವೆಯಾಗುತ್ತದೆ. ಗ್ರಂಥಾಲಯದ ಸಗಟು ಖರೀದಿಯನ್ನೇ ಗುರಿಯಾಗಿಟ್ಟು ಪುಸ್ತಕ ಹೊರತರುವವರು ಇರಬಹುದು. ಆದರೆ ಖರೀದಿಯಾದ ಪ್ರತಿಗಳ ಸಂಖ್ಯೆ ಓದಿದವರ ಸಂಖ್ಯೆಯಲ್ಲ. ಹೊಸ ಲೇಖಕರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರವು ನೀಡುವಂತಹ ಪ್ರೋತ್ಸಾಹಧನ ಮೊದಲ ಹೆಜ್ಜೆಗೆ ಆಸರೆಯಾದೀತು. ಎರಡನೆಯ ಹೆಜ್ಜೆಯನ್ನು ಕಲಿಸುವುದು ನಿಷ್ಠುರವೂ ಸ್ನೇಹಮಯವೂ ಆದ ವಿಮರ್ಶೆ ಮಾತ್ರ.

ಗಳಗನಾಥರ ತಲೆಯ ಮೇಲಿನ ಹೊರೆಯನ್ನು ಯಂತ್ರಗಳು ಇಂದು ಇಳಿಸಿವೆ. ಕಾಗದದ ಭಾರ ಕಡಿಮೆಯಾಗಿದೆ, ಮಾತಿನ ಭಾರ ಕಡಿಮೆಯಾಗಿಲ್ಲ. ಬರೆದವನೇ ಪ್ರಕಟಿಸುವ ಪ್ರತಿಯೊಂದು ಪುಸ್ತಕವೂ ತನ್ನ ಮೊದಲ ಪುಟಕ್ಕೆ ಮುಂಚೆಯೇ ಮೂರು ಪ್ರಶ್ನೆಗಳಿಗೆ ಉತ್ತರ ಕೊಟ್ಟಿರಬೇಕು: ಇದರಲ್ಲಿ ಏನನ್ನು ತೆಗೆದುಹಾಕಲಾಗಿದೆ? ಇದನ್ನು ಮೊದಲು ಓದಿ ಅಪ್ರಿಯವಾದುದನ್ನು ಹೇಳಿದವರು ಯಾರು? ಇದರ ಹೊಗಳಿಕೆ ಎಲ್ಲಿಂದ ಬಂದಿತು? ಈ ಪ್ರಶ್ನೆಗಳನ್ನು ಎದುರಿಸಿದ ಪುಸ್ತಕವನ್ನು, ಅದರ ರಕ್ಷಾಪುಟದಲ್ಲಿ ಯಾವ ಸಂಸ್ಥೆಯ ಹೆಸರಿದ್ದರೂ ಇಲ್ಲದಿದ್ದರೂ, ಆದರದಿಂದ ಬರಮಾಡಿಕೊಳ್ಳುವುದು ಓದುಗರ ಕರ್ತವ್ಯ. ಕಣ್ಣು ತನ್ನ ಕಾಡಿಗೆಯನ್ನು ಕಾಣಲಾರದೆಂಬುದು ಕಣ್ಣಿನ ತಪ್ಪಲ್ಲ. ಎದುರಿಗೆ ನಿಂತವನು ಕಂಡೂ ಸುಮ್ಮನಿದ್ದರೆ ಅದು ತಪ್ಪು. ಅವನು ಹೇಳಿದಾಗ ಮುಖ ತಿರುಗಿಸಿಕೊಂಡರೆ ಅದು ಇನ್ನೂ ದೊಡ್ಡ ತಪ್ಪು.